ಕೋಡಂಗಿಯಿಂದ ‘ಹೌಲಾ ಹೌಲಾ’ವರೆಗೆ: ಅರ್ಥವಿಲ್ಲದ ಮಾತಿಗೂ ಒಂದು ಚರಿತ್ರೆ ಇದೆ

‘ಹೌಲಾ ಹೌಲಾ’ ಅಂದರೆ ಏನು?

2004ರಲ್ಲಿ ‘ಆಪ್ತಮಿತ್ರ’ ಸಿನಿಮಾ ಬಂತು. 2010ರಲ್ಲಿ ‘ಆಪ್ತರಕ್ಷಕ’ ಬಂತು. ವಿಷ್ಣುವರ್ಧನ್ ರಾಜನ ವೇಷದಲ್ಲಿ ಆಡಿದ ಈ ಮಾತನ್ನು ಎಷ್ಟೋ ಹುಡುಗರು ಶಾಲೆಯ ಅಂಗಳದಲ್ಲಿ, ಬಸ್ಸಿನಲ್ಲಿ, ಕೆರೆ ಏರಿಯ ಮೇಲೆ ಕೂಗಿದರು. ಕೇಳಿದರೆ ನಮ್ಮ ಕಡೆಯ ‘ಹೌದೇನ್ಲಾ’ ನೆನಪಿಗೆ ಬರಬಹುದು. ಆದರೆ ಸಿನಿಮಾದಲ್ಲಿ ಅದು ‘ಹೌದೇನ್ಲಾ’ ಅಲ್ಲ. ನಿಘಂಟಿನಲ್ಲಿ ಹುಡುಕಿ ಅರ್ಥ ತಿಳಿಯುವ ಮಾತೂ ಅಲ್ಲ. ಆದರೂ ಅದನ್ನು ಕೇಳಿದಾಗ ಯಾರೂ ‘ಅರ್ಥ ಆಗಲಿಲ್ಲ’ ಅನ್ನಲಿಲ್ಲ. ಚಿತ್ರಮಂದಿರದಲ್ಲಿ ಹೆದರಿಸಿದ ಮಾತು, ಮಕ್ಕಳ ಬಾಯಿಗೆ ಬಂದಾಗ ನಗಿಸುವ ಮಾತಾಯಿತು. ಇದೇ ಕಥೆಯನ್ನು ಇದೇ ನಿರ್ದೇಶಕ ಪಿ. ವಾಸು 2005ರಲ್ಲಿ ತಮಿಳಿನಲ್ಲಿ ‘ಚಂದ್ರಮುಖಿ’ ಎಂದು ತೆಗೆದಾಗ ರಜನಿಕಾಂತ್ ಬಾಯಲ್ಲಿ ಅದು ‘ಲಕಲಕಲಕ’ ಆಯಿತು. ಅದಕ್ಕೂ ಅರ್ಥ ಇಲ್ಲ. ಅದೂ ಊರೂರು ಸುತ್ತಿತು.

‘ಆಪ್ತಮಿತ್ರ’ದ ನಿರ್ಮಾಪಕ ದ್ವಾರಕೀಶ್. 1942ರಲ್ಲಿ ಹುಟ್ಟಿದ್ದು ನಮ್ಮ ಹುಣಸೂರಿನಲ್ಲಿ. ಅರ್ಥವಿಲ್ಲದ ಮಾತು ಹೇಗೆ ಹುಟ್ಟುತ್ತದೆ, ಹೇಗೆ ಹರಡುತ್ತದೆ, ಯಾಕೆ ಮರೆಯಾಗುತ್ತದೆ ಎಂದು ನೋಡಲು ಹೊರಟರೆ ದಾರಿ ಬಹಳ ದೂರ ಹೋಗಬೇಕಿಲ್ಲ. ಕಟ್ಟೆಮಳಲವಾಡಿಯಿಂದ ಹುಣಸೂರಿಗೆ, ಅಲ್ಲಿಂದ ಮೈಸೂರಿಗೆ ಹೋದರೆ ಬಹುಪಾಲು ಸಿಗುತ್ತದೆ.

ಮೊದಲು ನಮ್ಮ ಬಾಯಿಂದಲೇ ಶುರು ಮಾಡೋಣ

‘ಊಟ ಗೀಟ ಆಯ್ತಾ?’ ಎಂದು ಕೇಳುತ್ತೇವೆ. ಊಟ ಗೊತ್ತು. ಗೀಟ ಅಂದರೆ ಏನು? ‘ಮಳೆ ಗಿಳೆ ಬಂದೀತು, ಬೇಗ ಹೊರಡಿ’ ಅನ್ನುತ್ತೇವೆ. ಗಿಳೆ ಅಂದರೆ ಏನು? ಬಿಡಿಯಾಗಿ ಕೇಳಿದರೆ ಏನೂ ಇಲ್ಲ. ಶಾಲೆಯ ವ್ಯಾಕರಣದಲ್ಲಿ ಇದನ್ನು ಜೋಡುನುಡಿ ಎಂದು ಓದಿದ್ದೇವೆ. ಮೊದಲ ಪದಕ್ಕೆ ಅರ್ಥ ಇರುತ್ತದೆ, ಎರಡನೆಯದಕ್ಕೆ ಇರುವುದಿಲ್ಲ. ಅದರ ನಿಯಮ ಮಾತ್ರ ಬಹಳ ಕಟ್ಟುನಿಟ್ಟು. ಮೊದಲ ಅಕ್ಷರದ ಸ್ವರ ಗಿಡ್ಡವಾದರೆ ‘ಗಿ’: ಹುಲಿ ಗಿಲಿ, ಬಸ್ಸು ಗಿಸ್ಸು. ಉದ್ದವಾದರೆ ‘ಗೀ’: ಕಾಫಿ ಗೀಫಿ, ರೇಟು ಗೀಟು. ಯಾರೂ ಕೂರಿಸಿಕೊಂಡು ಹೇಳಿಕೊಡದಿದ್ದರೂ ಮೂರು ವರ್ಷದ ಮಗು ಕೂಡ ಇದನ್ನು ತಪ್ಪದೆ ಹೇಳುತ್ತದೆ.

ಈ ಅರ್ಥವಿಲ್ಲದ ಅರ್ಧ ಮಾಡುವ ಕೆಲಸ ಗಮನಿಸಿ. ‘ಸಬ್ಸಿಡಿ ಬಂತಾ?’ ಅಂದರೆ ಬರೀ ಪ್ರಶ್ನೆ. ‘ಸಬ್ಸಿಡಿ ಗಿಬ್ಸಿಡಿ ಏನಾದ್ರೂ ಬಂತಾ?’ ಅಂದರೆ ಬಂದಿರಲಾರದು ಎಂಬ ಅನುಮಾನ ಅದರಲ್ಲೇ ಇದೆ. ಹೊಗೆಸೊಪ್ಪಿನ ಹರಾಜಿನಿಂದ ಬಂದವರನ್ನು ‘ರೇಟು ಗೀಟು ಸಿಕ್ತಾ?’ ಎಂದು ಕೇಳಿದಾಗ, ಆ ‘ಗೀಟು’ವಿನಲ್ಲಿ ಸ್ವಲ್ಪ ಆಸೆ, ಸ್ವಲ್ಪ ಸಂಶಯ, ಸ್ವಲ್ಪ ಸಮಾಧಾನ ಎಲ್ಲ ಸೇರಿರುತ್ತದೆ. ಅರ್ಥವಿರುವ ಪದ ವಿಷಯ ಹೇಳುತ್ತದೆ. ಅರ್ಥವಿಲ್ಲದ ಪದ ನಮ್ಮ ಮನಸ್ಸು ಹೇಳುತ್ತದೆ.

ಹಾಡುಗಳಲ್ಲೂ ಹೀಗೇ. ಭತ್ತ ಕುಟ್ಟುವಾಗಿನ ‘ಸುವ್ವಿ’, ಕೋಲಾಟದ ‘ಕೋಲೆ’, ಕಥೆ ಹಾಡುವವರ ಹಿಮ್ಮೇಳದ ‘ತಂದನಾನ’. ಒನಕೆ ಎತ್ತುವ ಇಬ್ಬರು ಹೆಂಗಸರ ಕೈ ಒಂದೇ ಲಯಕ್ಕೆ ಬರಬೇಕಾದರೆ ‘ಸುವ್ವಿ’ ಬೇಕು. ಕಥೆ ಹಾಡುವವನಿಗೆ ಮುಂದಿನ ಸಾಲು ನೆನಪಿಸಿಕೊಳ್ಳಲು, ಉಸಿರು ಎಳೆದುಕೊಳ್ಳಲು ಹಿಮ್ಮೇಳದವರ ‘ತಂದನಾನ’ ಬೇಕು. ಇಲ್ಲಿ ಪದದ ಅರ್ಥಕ್ಕಿಂತ ಎಲ್ಲರೂ ಒಟ್ಟಿಗೆ ಅನ್ನುವುದು ಮುಖ್ಯ. ನಗಿಸುವವರು ಹಿಡಿದುಕೊಂಡದ್ದೂ ಇದೇ ಗುಟ್ಟನ್ನು.

ರಂಗದ ಮೇಲೆ ಮೊದಲು ಬರುವವನು ಕೋಡಂಗಿ

ದಕ್ಷಿಣ ಕರ್ನಾಟಕದ ಬಯಲುಸೀಮೆಯಲ್ಲಿ, ಅಂದರೆ ಮೈಸೂರು, ಮಂಡ್ಯ, ಹಾಸನ, ತುಮಕೂರು ಕಡೆ ಮೂಡಲಪಾಯ ಯಕ್ಷಗಾನ ಆಡುತ್ತಿದ್ದರು. ರಾತ್ರಿಯಿಡೀ ಆಟ. ಭಾಗವತರು, ಮದ್ದಳೆ, ತಾಳ, ಮುಖವೀಣೆ. ರಾಜರು ಬರುವ ಮೊದಲು ಕೋಡಂಗಿ ಬರುತ್ತಿದ್ದ. ಕುಣಿದು, ವಕ್ರವಾಗಿ ಮಾತಾಡಿ, ಜನರನ್ನು ಹಿಡಿದು ಕೂರಿಸುವುದು ಅವನ ಕೆಲಸ. ಆಮೇಲೆ ಸಾರಥಿ ಬರುತ್ತಿದ್ದ. ಬಂದ ವೇಷಕ್ಕೆಲ್ಲ ‘ನೀನು ಯಾರು, ಯಾವೂರು, ಏನು ಹೆಸರು’ ಎಂದು ಕೇಳುವವನು ಅವನೇ. ರಾಜನ ಮಾತನ್ನು ಊರ ಭಾಷೆಗೆ ತಿರುಗಿಸಿ ಜನರಿಗೆ ತಲುಪಿಸುವವನೂ ಅವನೇ.

ಪ್ರಸಂಗದ ಹಾಡು ಕೈಬರಹದ ಪುಸ್ತಕದಲ್ಲಿ ಇರುತ್ತಿತ್ತು. ರಾಜನ ಗಡಸು ಮಾತಿಗೂ ಒಂದು ಪಾಠ ಇತ್ತು. ಕೋಡಂಗಿಯ ತಮಾಷೆ, ಸಾರಥಿಯ ಕೊಂಕು ಮಾತ್ರ ಆ ರಾತ್ರಿ, ಆ ಊರಿನಲ್ಲಿ, ಆ ಜನರ ಮುಂದೆ ಹುಟ್ಟಬೇಕಿತ್ತು. ಊರಿನಲ್ಲಿ ಯಾರ ಎಮ್ಮೆ ಕಳೆದಿದೆ, ಯಾರ ಮನೆಯ ಸಾಲ ತೀರಿಲ್ಲ ಎಂಬುದೆಲ್ಲ ಅದರೊಳಗೆ ಬರಬಹುದಿತ್ತು. ನೇರವಾಗಿ ಹೇಳಿದರೆ ಜಗಳ. ಹಾಗಾಗಿ ತಿರುಚಿ, ಮುರಿದು, ಅರ್ಧ ಮಾತು ಅರ್ಧ ಸದ್ದು ಮಾಡಿ ಹೇಳಬೇಕು. ಗೌಡರ ಮುಂದೆ ಬಡವ ಆಡಲಾಗದ ಮಾತನ್ನು ಕೋಡಂಗಿ ಆಡಬಹುದಿತ್ತು. ಯಾಕೆಂದರೆ ಕೇಳಿದರೆ ‘ಅದಕ್ಕೆ ಅರ್ಥವೇ ಇಲ್ಲ ಬುದ್ಧಿ’ ಎನ್ನಬಹುದಿತ್ತು.

ಬೆಳಗಾಗುವಾಗ ಆಟ ಮುಗಿಯುತ್ತದೆ. ರಾಜನ ಪದ್ಯ ಪುಸ್ತಕದಲ್ಲಿ ಉಳಿಯುತ್ತದೆ. ಕೋಡಂಗಿಯ ಮಾತು ಕೇಳಿದವರ ಬಾಯಲ್ಲಿ ಮಾತ್ರ ಉಳಿಯುತ್ತದೆ, ಅವರು ಇರುವಷ್ಟು ದಿನ.

ಕಂಪನಿ ನಾಟಕದ ಹಾಸ್ಯಗಾರರು

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಈ ಕೆಲಸ ಕಂಪನಿ ನಾಟಕಕ್ಕೆ ಬಂತು. ಗುಬ್ಬಿ ಕಂಪನಿಯನ್ನು ಬೆಳೆಸಿದ ಗುಬ್ಬಿ ವೀರಣ್ಣ ಸ್ವತಃ ಹಾಸ್ಯನಟ. ಒಂದು ಕಂಪನಿಯ ಮಾಲೀಕನೇ ರಾಜನ ವೇಷ ಬಿಟ್ಟು ನಗಿಸುವ ವೇಷ ಹಾಕಿದ್ದು ಸಣ್ಣ ಸಂಗತಿಯಲ್ಲ. ‘ಸದಾರಮೆ’ ನಾಟಕದ ಕಳ್ಳನ ಪಾತ್ರ ಅವರಿಗೆ ಬಹಳ ಹೆಸರು ತಂದಿತು. 1935ರಲ್ಲಿ ಅದು ಸಿನಿಮಾ ಕೂಡ ಆಯಿತು. ಎಷ್ಟೋ ವರ್ಷಗಳ ನಂತರ ಅವರ ಮೊಮ್ಮಗಳು ಬಿ. ಜಯಶ್ರೀ ಅದೇ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದರು. ಇಂಥ ಪಾತ್ರ ಒಂದು ಬಾಯಿಂದ ಇನ್ನೊಂದು ಬಾಯಿಗೆ ದಾಟಿ ಉಳಿಯುತ್ತದೆ. ಬರೀ ಅಚ್ಚಾದ ಪುಸ್ತಕ ಓದಿ ಅದನ್ನು ಕಲಿಯಲು ಆಗುವುದಿಲ್ಲ.

ಈ ಕಂಪನಿಗಳೇ ಸಿನಿಮಾಕ್ಕೆ ನಟರನ್ನು ಕೊಟ್ಟವು. ತಿಪಟೂರಿನ ನರಸಿಂಹರಾಜು ಹುಡುಗನಾಗಿದ್ದಾಗಲೇ ನಾಟಕ ಸೇರಿದವರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಜೊತೆ ಬಂದು ಹಾಸ್ಯ ಚಕ್ರವರ್ತಿ ಎನಿಸಿಕೊಂಡರು. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿ, ಮುಖ ನೋಡಿ ತಮ್ಮ ಮಾತಿನ ಹೊತ್ತನ್ನು ಹಿಡಿಯುತ್ತಿದ್ದರು. ಆ ಹೊತ್ತು ಒಂದು ಕ್ಷಣ ತಪ್ಪಿದರೂ ನಗು ಹುಟ್ಟುವುದಿಲ್ಲ. ಮೈಸೂರಿನಲ್ಲಿ ಹುಟ್ಟಿದ ಮಾಸ್ಟರ್ ಹಿರಣ್ಣಯ್ಯ ‘ಲಂಚಾವತಾರ’ವನ್ನು ಸಾವಿರಾರು ಸಲ ಆಡಿದರು. ಆ ದಿನದ ಪೇಪರಿನ ಸುದ್ದಿ ಆ ರಾತ್ರಿಯ ಮಾತಾಗುತ್ತಿತ್ತು. ಸಾವಿರಾರು ಸಲ ಆಡಿದ ನಾಟಕ ಅಂದರೆ ಒಂದೇ ನಾಟಕವನ್ನು ಹಾಗೇ ಸಾವಿರಾರು ಸಲ ಒಪ್ಪಿಸಿದ್ದಲ್ಲ ಎಂದು ತಿಳಿಯಬೇಕು.

ಇವರೆಲ್ಲರ ನಡುವೆ ಒಬ್ಬರ ಮಾತು ಮಾತ್ರ ಚೆನ್ನಾಗಿ ಉಳಿಯಿತು: ಮೈಸೂರಿನಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ಟಿ.ಪಿ. ಕೈಲಾಸಂ. ಕನ್ನಡ ಇಂಗ್ಲಿಷ್ ಬೆರೆಸಿ, ಮಾತು ಮುರಿದು, ಆ ಕಾಲದ ಓದಿದವರ ಮನೆಯನ್ನೇ ನಗೆಗೆ ಹಿಡಿದವರು ಅವರು. ಅವರ ‘ಕೋಳೀಕೆ ರಂಗ’ ಹಾಡನ್ನು ಕೇಳಿರಬಹುದು. ಒಂದು ಹೆಸರಿನ ಅಕ್ಷರಗಳನ್ನು ಕಾಗುಣಿತದ ಹಾಗೆ ಬಿಡಿಸಿ ಹೇಳುವುದೇ ಅದರ ತಮಾಷೆ. ‘ಕಾನ್‌ಸ್ಟಾಂಟಿನೋಪಲ್’ ಎಂಬ ಊರ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳುವ ಒಂದು ಇಂಗ್ಲಿಷ್ ಹಾಡು ಅದಕ್ಕೆ ದಾರಿ ತೋರಿಸಿತು. ಕೈಲಾಸಂ ಕೂತು ಬರೆಯುವವರಲ್ಲ, ಬಾಯಲ್ಲಿ ಹೇಳುವವರು. ಅವರು ಹೇಳುತ್ತಾ ಹೋದದ್ದನ್ನು ಗೆಳೆಯರು ಬರೆದುಕೊಂಡರು. ಅದಕ್ಕೇ ಇವತ್ತು ಅವರ ನಾಟಕಗಳು ಪುಸ್ತಕದಲ್ಲಿವೆ. ನಮ್ಮೂರ ಸಾರಥಿಯ ಹತ್ತಿರ ಪೆನ್ನು ಹಿಡಿದು ಕೂತ ಗೆಳೆಯರು ಇರಲಿಲ್ಲ. ವ್ಯತ್ಯಾಸ ಅಷ್ಟೇ.

ಹುಣಸೂರಿನ ಮಾವ, ಹುಣಸೂರಿನ ಅಳಿಯ

ಈಗ ನಮ್ಮ ತಾಲ್ಲೂಕಿಗೆ ಬರೋಣ. ಹುಣಸೂರು ಕೃಷ್ಣಮೂರ್ತಿ ನಾಟಕದಿಂದ ಸಿನಿಮಾಕ್ಕೆ ಹೋದವರು. ಸಂಭಾಷಣೆ, ಹಾಡು, ನಿರ್ದೇಶನ ಎಲ್ಲ ಮಾಡಿದರು. ‘ಸತ್ಯ ಹರಿಶ್ಚಂದ್ರ’ (1965), ‘ಭಕ್ತ ಕುಂಬಾರ’ (1974), ‘ಬಬ್ರುವಾಹನ’ (1977) ಅವರ ಚಿತ್ರಗಳು. ‘ಸತ್ಯ ಹರಿಶ್ಚಂದ್ರ’ದಲ್ಲಿ ನಕ್ಷತ್ರಿಕನಾಗಿ ಬಂದದ್ದು ನರಸಿಂಹರಾಜು. ಬೆನ್ನು ಬಿಡದೆ ಸಾಲ ಕೇಳುವವನನ್ನು ನಾವು ಈಗಲೂ ‘ನಕ್ಷತ್ರಿಕನ ಕಾಟ’ ಎನ್ನುತ್ತೇವೆ. ಹಳೆಯ ಕಾವ್ಯದ ಒಂದು ಪಾತ್ರ ಹೀಗೆ ಊರ ಮಾತಾಗಿ ನಿಂತಿದೆ.

ಕೃಷ್ಣಮೂರ್ತಿ ಅವರ ಅಕ್ಕತಂಗಿಯರ ಕಡೆಯ ಸಂಬಂಧದಲ್ಲಿ ಅಳಿಯನಾಗುವ ಹುಡುಗ ದ್ವಾರಕೀಶ್. ಮೈಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಅಣ್ಣನ ಜೊತೆ ಗಾಡಿಗಳ ಬಿಡಿಭಾಗದ ಅಂಗಡಿ ಇಟ್ಟಿದ್ದರು. ಅದನ್ನು ಬಿಟ್ಟು ಮಾವನ ಬಳಿ ಹೋಗಿ ಅವಕಾಶ ಕೇಳಿದರು. 1964ರ ‘ವೀರ ಸಂಕಲ್ಪ’ದಲ್ಲಿ ಪಾತ್ರ ಸಿಕ್ಕಿತು. ಮುಂದೆ 1969ರಲ್ಲಿ ರಾಜ್‌ಕುಮಾರ್ ಅವರನ್ನು ಹಾಕಿಕೊಂಡು ‘ಮೇಯರ್ ಮುತ್ತಣ್ಣ’ ನಿರ್ಮಿಸಿದರು.

ದ್ವಾರಕೀಶ್ ಎತ್ತರದಲ್ಲಿ ಗಿಡ್ಡ. ‘ಕುಳ್ಳ’ ಎನ್ನುವುದು ಕನ್ನಡದಲ್ಲಿ ಒಳ್ಳೆಯ ಮಾತಲ್ಲ. ಶಾಲೆಯಲ್ಲಿ ಹಾಗೆ ಕರೆಸಿಕೊಂಡವರಿಗೆ ಅದರ ನೋವು ಗೊತ್ತು. ಆದರೆ ಅವರ ಸಿನಿಮಾಗಳ ಹೆಸರು ನೋಡಿ: ‘ಕುಳ್ಳ ಏಜೆಂಟ್ 000’ (1972), ‘ಕಳ್ಳ ಕುಳ್ಳ’ (1975), ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ (1978), ‘ಪ್ರಚಂಡ ಕುಳ್ಳ’ (1984). ಬೇರೆಯವರು ಎಸೆಯಬಹುದಾಗಿದ್ದ ಕಲ್ಲನ್ನು ಅವರೇ ಎತ್ತಿಕೊಂಡು ಮನೆಯ ಮುಂದೆ ನಾಮಫಲಕದ ಹಾಗೆ ನಿಲ್ಲಿಸಿದರು. ಹತ್ತಾರು ವರ್ಷ ಹೇಳಿ ಹೇಳಿ ‘ಕುಳ್ಳ’ ಎಂಬ ಪದದ ಹಳೆಯ ಅರ್ಥ ಸವೆದು, ಅದು ಒಬ್ಬ ಮನುಷ್ಯನ ಹೆಸರಾಯಿತು. ಅರ್ಥವಿಲ್ಲದ ಮಾತಿಗೆ ಬಳಕೆಯಿಂದ ಅರ್ಥ ಬರುವ ಹಾಗೆಯೇ, ಅರ್ಥವಿರುವ ಬೈಗುಳದ ಅರ್ಥವನ್ನು ಬಳಕೆಯಿಂದಲೇ ಸವೆಸಬಹುದು. 2024ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗಲೂ ಜನ ‘ಕರ್ನಾಟಕದ ಕುಳ್ಳ’ ಎಂದೇ ಪ್ರೀತಿಯಿಂದ ನೆನೆದರು.

‘ಹೌಲಾ ಹೌಲಾ’ ಆಡಿದ ವಿಷ್ಣುವರ್ಧನ್ ಕೂಡ ಮೈಸೂರಿನಲ್ಲಿ ಹುಟ್ಟಿದವರು. ‘ಆಪ್ತರಕ್ಷಕ’ ಬಿಡುಗಡೆಯಾಗುವ ಮೊದಲೇ, 2009ರ ಡಿಸೆಂಬರ್ 30ರಂದು ಹೋಗಿಬಿಟ್ಟರು. ಆ ಚಿತ್ರ ನೋಡಲು ಬಂದವರು ಆ ಮಾತಿಗೆ ಶಿಳ್ಳೆಯನ್ನೂ ಹೊಡೆದರು, ಕಣ್ಣನ್ನೂ ಒರೆಸಿಕೊಂಡರು. ಎಚ್.ಡಿ. ಕೋಟೆ ರಸ್ತೆಯ ಹಾಲಾಳು ಬಳಿ ಅವರ ಸ್ಮಾರಕ 2023ರಲ್ಲಿ ತೆರೆಯಿತು.

ಜಪಾನಿನಲ್ಲೂ ಇದೇ ಕಥೆ, ಒಂದು ವ್ಯತ್ಯಾಸದೊಂದಿಗೆ

ಅರ್ಥವಿಲ್ಲದ ಮಾತಿನಿಂದ ನಗಿಸುವ ಕಲೆ ದೊಡ್ಡದಾಗಿ ಬೆಳೆದ ಇನ್ನೊಂದು ದೇಶ ಜಪಾನ್. 1960ರ ದಶಕದ ಹೊತ್ತಿಗೆ ಅಲ್ಲಿನ ಎಷ್ಟೋ ಮನೆಗಳಿಗೆ ಟಿ.ವಿ. ಬಂದಿತ್ತು. ‘ಕ್ರೇಜಿ ಕ್ಯಾಟ್ಸ್’ ಎಂಬ ವಾದ್ಯಗೋಷ್ಠಿಯ ತಾನಿ ಕೇ ‘ಗಾಚೋನ್’ ಅಂದ. ಕೈಯನ್ನು ಮುಂದೆ ಚಾಚಿ, ಗಾಳಿಯನ್ನು ಹಿಡಿದು ಎಳೆದಂತೆ ಮಾಡುತ್ತಾ ಅನ್ನಬೇಕು. ಆ ಪದಕ್ಕೆ ಅರ್ಥವಿಲ್ಲ. 1962ರಲ್ಲಿ ಶುರುವಾದ ‘ಓಸೊಮಾತ್ಸು-ಕುನ್’ ಎಂಬ ಚಿತ್ರಕಥೆಯಲ್ಲಿ ಇಯಾಮಿ ಎಂಬ ಪಾತ್ರ ಬೆಚ್ಚಿಬಿದ್ದಾಗಲೆಲ್ಲ ಒಂದು ಕೈ ಮೇಲೆತ್ತಿ, ಒಂದು ಕಾಲು ಮಡಿಸಿ ‘ಶೇ!’ ಅನ್ನುತ್ತಿತ್ತು. ಮಕ್ಕಳೆಲ್ಲ ಹಾಗೆ ನಿಂತು ಫೋಟೊ ತೆಗೆಸಿಕೊಂಡರು. 1965ರ ಒಂದು ಸಿನಿಮಾದಲ್ಲಿ ಗಾಡ್ಜಿಲ್ಲಾ ಎಂಬ ರಾಕ್ಷಸ ಪ್ರಾಣಿಯ ಕೈಯಲ್ಲೂ ಅದನ್ನು ಮಾಡಿಸಿದರು. ಮುಂದೆ ಶಿಮುರಾ ಕೆನ್ ಎಂಬ ಹಾಸ್ಯಗಾರ ಗಲ್ಲದ ಕೆಳಗೆ ಕೈ ಅಡ್ಡ ಹಿಡಿದು ‘ಐಯ್ನ್’ ಅನ್ನುತ್ತಿದ್ದ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಅವನು ಸತ್ತಾಗ ಇಡೀ ದೇಶ ಅತ್ತಿತು.

ಯುದ್ಧದಲ್ಲಿ ಸೋತು, ಹಗಲು ರಾತ್ರಿ ದುಡಿದು ದೇಶ ಕಟ್ಟುತ್ತಿದ್ದ ಜನ ಅವರು. ಕಚೇರಿಯಲ್ಲಿ ಮೇಲಿನವರ ಮುಂದೆ ತಲೆ ಬಾಗಿಸಿ, ಅಳೆದು ತೂಗಿ ಮಾತಾಡಬೇಕಾದವರಿಗೆ ಸಂಜೆ ಮನೆಯಲ್ಲಿ ಮಕ್ಕಳ ಜೊತೆ ‘ಗಾಚೋನ್’ ಅನ್ನುವುದು ಎಷ್ಟು ಹಗುರ ಅನ್ನಿಸಿರಬೇಕು! ನಮ್ಮ ಕೋಡಂಗಿ ಮಾಡಿದ ಕೆಲಸವೂ ಇದೇ. ಆದರೆ ಜಪಾನಿನಲ್ಲಿ ಆ ಮಾತುಗಳು ಪತ್ರಿಕೆ, ಟಿ.ವಿ., ಸಿನಿಮಾಗಳಲ್ಲಿ ಹುಟ್ಟಿದವು. ಯಾರು ಆಡಿದರು, ಯಾವಾಗ ಆಡಿದರು ಎಂಬುದಕ್ಕೆ ದಾಖಲೆ ಉಳಿಯಿತು. ನಮ್ಮಲ್ಲಿ ಸಿನಿಮಾಕ್ಕೆ ಬಂದದ್ದು ಮಾತ್ರ ಉಳಿಯಿತು. ಬಯಲಿನಲ್ಲಿ ಹುಟ್ಟಿದ್ದು ಬಯಲಿಗೇ ಹೋಯಿತು.

ಯಾರನ್ನು ನೋಡಿ ನಗುತ್ತಿದ್ದೇವೆ?

ಹಳೆಯದೆಲ್ಲ ಒಳ್ಳೆಯದು ಎಂದು ಹೇಳುವ ಹಾಗಿಲ್ಲ. ನಾಟಕ, ಸಿನಿಮಾಗಳಲ್ಲಿ ತೊದಲುವವರನ್ನು, ಕಿವಿ ಕೇಳದವರನ್ನು, ಕಪ್ಪಗಿರುವವರನ್ನು, ದಪ್ಪಗಿರುವವರನ್ನು ಇಟ್ಟುಕೊಂಡು ಮಾಡಿದ ತಮಾಷೆ ಬಹಳ. ಅದರಲ್ಲಿ ನಮ್ಮನ್ನು ನೇರವಾಗಿ ಮುಟ್ಟುವುದು ಇನ್ನೊಂದಿದೆ: ನಮ್ಮ ಮಾತು. ಎಷ್ಟೋ ಸಿನಿಮಾಗಳಲ್ಲಿ ನಾಯಕ ಪುಸ್ತಕದ ಕನ್ನಡ ಆಡುತ್ತಾನೆ. ‘ಏನ್ಲಾ’, ‘ಕಣ್ಲಾ’, ‘ಐತೆ’ ಎಂಬ ಮಾತು ಆಳಿನ ಬಾಯಿಗೆ, ಪೆದ್ದನ ಬಾಯಿಗೆ ಬರುತ್ತದೆ. ನಮ್ಮ ಮನೆಯಲ್ಲಿ ಅವ್ವ ಆಡುವ ಮಾತು ಅಲ್ಲಿ ತಮಾಷೆಯ ಸದ್ದಾಗುತ್ತದೆ. ಅದನ್ನು ನೋಡಿ ನಾವೂ ನಕ್ಕಿದ್ದೇವೆ. ಆಮೇಲೆ ಮೈಸೂರಿನ ಕಾಲೇಜಿಗೆ ಹೋದ ಹುಡುಗ ಬಾಯಿ ತೆರೆಯಲು ಹಿಂಜರಿಯುತ್ತಾನೆ. ಇದನ್ನೂ ನಗೆಯ ಚರಿತ್ರೆಯಲ್ಲಿ ಬರೆಯಲೇಬೇಕು.

ಕೋಡಂಗಿಯ ಮಾತಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಒಳ್ಳೆಯ ಕೋಡಂಗಿ ಮೇಲಿನವರ ಮಾತನ್ನು ತಿರುಚುತ್ತಿದ್ದ. ಕೆಳಗಿನವರ ಮಾತನ್ನು ತಿರುಚುವುದು ಸುಲಭದ ಕೆಲಸ.

ಈಗ ಫೋನಿನ ಕಾಲ

ಈಗ ಒಂದು ಮಾತು ಹರಡಲು ರಾತ್ರಿಯಿಡೀ ಆಟ ಬೇಕಿಲ್ಲ, ಅರ್ಧ ನಿಮಿಷದ ರೀಲ್ಸ್ ಸಾಕು. ಅಡುಗೆ ವಿಡಿಯೊದಲ್ಲಿ ಬಂದ ‘ಬೆಳ್ಳುಳ್ಳಿ ಕಬಾಬ್’ ಎಂಬ ಮಾತನ್ನು, ಕಬಾಬ್ ತಿನ್ನದವರೂ ಕೆಲವು ತಿಂಗಳು ಹೇಳಿಕೊಂಡು ತಿರುಗಿದರು. ಮಾತು ಹುಟ್ಟುವ ಬಗೆ ಹಳೆಯದೇ: ಒಬ್ಬರು ಒಂದು ರಾಗದಲ್ಲಿ ಅಂದರು, ಎಲ್ಲರೂ ಅದೇ ರಾಗದಲ್ಲಿ ಅಂದರು, ಅಡುಗೆ ಹಿಂದೆ ಸರಿದು ರಾಗ ಮುಂದೆ ಬಂತು. ಆದರೆ ಬೇಗ ಬಂದದ್ದು ಬೇಗ ಹಳಸುತ್ತದೆ. ‘ಹೌಲಾ ಹೌಲಾ’ ವರ್ಷಗಟ್ಟಲೆ ನಡೆಯಿತು. ರೀಲ್ಸ್ ಮಾತಿಗೆ ಮುಂದಿನ ಹಬ್ಬದವರೆಗೆ ಆಯಸ್ಸಿದ್ದರೆ ದೊಡ್ಡದು.

ಅದೇ ಫೋನಿನಿಂದ ಇನ್ನೊಂದು ಕೆಲಸ ಆಗಬಹುದು. ನಮ್ಮ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ‘ಕುರುಕ್ಷೇತ್ರ’, ‘ಸದಾರಮೆ’ ಆಡಿದವರು, ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರು, ಹಾಸ್ಯದ ಪಾರ್ಟು ಮಾಡಿದವರು ಇನ್ನೂ ಅಲ್ಲಲ್ಲಿ ಇದ್ದಾರೆ. ದುರ್ಯೋಧನನ ಪಾರ್ಟು ಮಾಡಿದವರನ್ನು ಊರು ನೆನಪಿಟ್ಟುಕೊಳ್ಳುತ್ತದೆ, ಮನೆಯಲ್ಲಿ ಅವರ ಫೋಟೊ ಇರುತ್ತದೆ. ನಗಿಸಿದವನ ಫೋಟೊ ಇರುವುದು ಅಪರೂಪ. ಅವನು ಆಡಿದ ಮಾತು ಯಾವ ನಾಟಕದ ಪುಸ್ತಕದಲ್ಲೂ ಇಲ್ಲ.

ಅಂಥವರು ನಿಮ್ಮ ಊರಿನಲ್ಲಿದ್ದರೆ ಹೋಗಿ ಕೂರಿ. ಫೋನಿನ ರೆಕಾರ್ಡರ್ ಆನ್ ಮಾಡುವ ಮೊದಲು ಅವರನ್ನು ಕೇಳಿ ಒಪ್ಪಿಸಿಕೊಳ್ಳಿ. ಯಾವ ನಾಟಕ, ಯಾವ ವರ್ಷ, ಯಾವ ಊರಿನ ಜಾತ್ರೆ, ಜೊತೆಗೆ ಯಾರಿದ್ದರು ಎಂದು ಮೊದಲಿಗೇ ಹೇಳಿಸಿಕೊಳ್ಳಿ. ಆಮೇಲೆ ಜನ ಹೆಚ್ಚು ನಕ್ಕ ಮಾತು ಯಾವುದು ಎಂದು ಕೇಳಿ. ಅದನ್ನು ಬರೀ ಹೇಳಲು ಬಿಡಬೇಡಿ, ರಂಗದ ಮೇಲೆ ಹೇಗೆ ಅಂದಿದ್ದರೋ ಹಾಗೇ ಅನ್ನಲು ಕೇಳಿಕೊಳ್ಳಿ. ಯಾಕೆಂದರೆ ಬರೆದಿಟ್ಟರೆ ಆ ಮಾತು ಏನೂ ಅಲ್ಲ, ಎರಡು ಅಕ್ಷರ ಅಷ್ಟೇ. ಯಾರನ್ನು ಕುರಿತು ಅಂದದ್ದು, ಅವರು ಕೋಪಿಸಿಕೊಂಡರೋ ನಕ್ಕರೋ ಎಂದೂ ಕೇಳಿ. ಊರಿನ ಮೇಲಿನವರು ಯಾರು, ಕೆಳಗಿನವರು ಯಾರು ಎಂಬ ಚರಿತ್ರೆ ಆ ಉತ್ತರದಲ್ಲಿರುತ್ತದೆ.

ಅವರು ‘ಅಯ್ಯೋ, ಅದಕ್ಕೇನು ಅರ್ಥ ಇಲ್ಲ ಬಿಡಪ್ಪ’ ಅಂದರೆ ಬಿಡಬೇಡಿ. ನಾವು ಹುಡುಕುತ್ತಿರುವುದು ಅದನ್ನೇ.